ಸೂರ್ಯರಥಕ್ಕೆ ಮುಂಗಡ ಕೊಡುವ ಮುನ್ನ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣ ಭಾಗದಲ್ಲಿ, ಸ್ಯಾನ್ ಡಿಯೇಗೋ ನಗರಕ್ಕೆ ಸಮೀಪದ ಕಾರ್ಲ್ಸ್‌ಬ್ಯಾಡ್ ಎಂಬಲ್ಲಿ ನೆಲಸಿರುವ ಆಪ್ಟೆರಾ ಎಂಬ ಸಂಸ್ಥೆಯು, ಮೂರು ಚಕ್ರಗಳುಳ್ಳ, ಇಬ್ಬರು ಮಾತ್ರ ಕೂರಬಹುದಾದ, ರೆಕ್ಕೆ ಕಳಚಿಟ್ಟ ಪುಟ್ಟ ವಿಮಾನದಂತೆ ತೋರುವ ವಿದ್ಯುತ್ ವಾಹನವೊಂದನ್ನು ತಾನು ನಿರ್ಮಿಸುವುದಾಗಿಯೂ, ಅದರ ಮೈಮೇಲೆ ಹೊದಿಸಿದ ಸೌರಫಲಕಗಳು ದಿನವೊಂದಕ್ಕೆ 40 ಮೈಲಿಗಳವರೆಗೆ, ಎಂದರೆ ಸುಮಾರು 64 ಕಿಲೋಮೀಟರುಗಳವರೆಗೆ, ಓಡುವಷ್ಟು ಶಕ್ತಿಯನ್ನು ಬರಿಯ ಬಿಸಿಲಿನಿಂದಲೇ ಸಂಪಾದಿಸಿಕೊಡುವುವೆಂದೂ 2020ರ ಡಿಸೆಂಬರಿನಲ್ಲಿ ಸಾರಿತು. ಹಿಂದಿರುಗಿಸಲ್ಪಡುವ 100 ಡಾಲರು ಠೇವಣಿಯನ್ನಿಟ್ಟು ಹೆಸರು ಬರೆಸಿಕೊಂಡವರು, ಸಂಸ್ಥೆಯೇ ಹೇಳಿಕೊಳ್ಳುವಂತೆ, ಕಾಲಕ್ರಮದಲ್ಲಿ 40,000ವನ್ನು ಮೀರಿದರು. ಮೊದಲ ಬಂಡಿಗಳು 2021ರಲ್ಲಿ ಗಿರಾಕಿಗಳ ಕೈಸೇರಬೇಕಾಗಿತ್ತು. 2025ನೆಯ ಇಸವಿ ಮುಗಿದಾಗಲೂ ಒಬ್ಬನೇ ಒಬ್ಬ ಗಿರಾಕಿಗೂ ಬಂಡಿ ದೊರೆತಿರಲಿಲ್ಲ.

ಇಂಥ ಸಂಸ್ಥೆಯೊಂದರ ವಿಷಯದಲ್ಲಿ ವಾದ ಹುಟ್ಟುವುದು ಸಹಜ. ಬಿಸಿಲಿನಿಂದ ಕಾರು ಓಡುವುದೆಂಬುದೇ ಭೌತಶಾಸ್ತ್ರಕ್ಕೆ ವಿರುದ್ಧವಾದ ಕಟ್ಟುಕಥೆಯೆಂದು ಒಂದು ಪಕ್ಷದವರೂ, ಪೆಟ್ರೋಲನ್ನೂ ವಿದ್ಯುತ್ ಬಿಲ್ಲನ್ನೂ ಏಕಕಾಲಕ್ಕೆ ಗೆಲ್ಲಬಲ್ಲ ಮಹಾಸಾಧನವಿದೆಂದು ಇನ್ನೊಂದು ಪಕ್ಷದವರೂ ಪಟ್ಟುಹಿಡಿದು ವಾದಿಸುತ್ತಾರೆ. ಉಭಯಪಕ್ಷಗಳ ಮಾತನ್ನೂ ಸಾವಧಾನವಾಗಿ ಪರಿಶೀಲಿಸಿದರೆ, ಪರಸ್ಪರ ಸಂಬಂಧವೇ ಇಲ್ಲದ ಎರಡು ಪ್ರಶ್ನೆಗಳನ್ನು ಅವರು ಒಂದಾಗಿ ಕಲಸಿಬಿಟ್ಟಿರುವುದು ಗೋಚರಿಸುತ್ತದೆ. ಬಿಸಿಲು ಸಾಕೇ ಎಂಬುದು ಮೊದಲನೆಯದು. ಅದಕ್ಕೆ ಗಣಿತವು ಉತ್ತರ ಹೇಳಬಲ್ಲುದು. ಈ ಸಂಸ್ಥೆಯು ಬಂಡಿಯನ್ನು ಕಟ್ಟಿ ಕೊಟ್ಟೀತೇ ಎಂಬುದು ಎರಡನೆಯದು. ಅದನ್ನು ಲೆಕ್ಕಪತ್ರಗಳಿಂದಲೂ ಹಿಂದಿನವರ ಚರಿತ್ರೆಯಿಂದಲೂ ಊಹಿಸಬೇಕಾಗುತ್ತದೆ. ಸೌರವಾಹನವೊಂದಕ್ಕೆ ಮುಂಗಡ ಕೊಡಲೋ, ಅಂಥ ಸಂಸ್ಥೆಯ ಷೇರು ಕೊಳ್ಳಲೋ ಮನಸ್ಸು ಮಾಡಿರುವ ಓದುಗರು ಈ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದಕ್ಕೆ ನೆರವಾಗಲೆಂಬುದೇ ಈ ಬರಹದ ಉದ್ದೇಶ.

ಮೊದಲು ಬಿಸಿಲಿನ ಲೆಕ್ಕ. ನಿರಭ್ರವಾದ ಮಧ್ಯಾಹ್ನದಲ್ಲಿ ಭೂಮಿಯ ಒಂದು ಚದರ ಮೀಟರಿನ ಮೇಲೆ ಬೀಳುವ ಬಿಸಿಲಿನ ಸಾಮರ್ಥ್ಯ ಸುಮಾರು 1,000 ವಾಟ್. ಈಗಿನ ಉತ್ತಮ ಸೌರಕೋಶಗಳು ಅದರಲ್ಲಿ ನೂರಕ್ಕೆ 20ರಿಂದ 24 ಭಾಗವನ್ನು ಮಾತ್ರ ವಿದ್ಯುತ್ತಾಗಿ ಪರಿವರ್ತಿಸಬಲ್ಲವು. ಆಪ್ಟೆರಾ ಬಂಡಿಯ ಮೇಲಿನ ಫಲಕಗಳ ಸಾಮರ್ಥ್ಯ ಒಟ್ಟು 700 ವಾಟ್ ಎಂದು ಹೇಳುತ್ತಾರೆ. ಸುಮಾರು 3 ಚದರ ಮೀಟರಿಗೆ ಅದು ನ್ಯಾಯವಾದ ಅಂಕಿಯೇ. ನಡುಮಧ್ಯಾಹ್ನದ ಪೂರ್ಣಪ್ರಖರತೆಯ ಬಿಸಿಲಿಗೆ ಸಮನಾದುದು ದಿನವೊಂದರಲ್ಲಿ ಎಷ್ಟು ಗಂಟೆ ದೊರೆಯುವುದೆಂದು ನೋಡಿದರೆ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಾಗಲಿ ನಮ್ಮ ಬಯಲುಸೀಮೆಯಲ್ಲಾಗಲಿ ವರ್ಷದ ಸರಾಸರಿಯಲ್ಲಿ 5 ಗಂಟೆಯ ಆಜುಬಾಜು. 700 ವಾಟನ್ನು 5 ಗಂಟೆಯಿಂದ ಗುಣಿಸಿದರೆ 3.5 ಯೂನಿಟ್ಟಾಯಿತು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಬಂಡಿಯ ಬೆನ್ನು ಬಾಗಿರುವುದರಿಂದ ಎಲ್ಲ ಕೋಶಗಳೂ ಏಕಕಾಲದಲ್ಲಿ ಸೂರ್ಯನಿಗೆ ಅಭಿಮುಖವಾಗಿರಲಾರವು. ಬಿಸಿಲಿನಲ್ಲಿ ನಿಂತ ಫಲಕ 65 ಡಿಗ್ರಿಯವರೆಗೆ ಕಾದರೆ, ಸಾಮರ್ಥ್ಯವನ್ನು ಅಳೆಯುವ ಪ್ರಮಾಣಿತ ತಾಪಮಾನದಿಂದ ಮೇಲೇರುವ ಪ್ರತಿ ಡಿಗ್ರಿಗೂ ನೂರಕ್ಕೆ ಒಂದರ ಮೂರನೆಯ ಒಂದು ಪಾಲಿನಷ್ಟು ಉತ್ಪತ್ತಿ ಕುಗ್ಗುವುದರಿಂದ, ಅದೊಂದರಿಂದಲೇ ನೂರಕ್ಕೆ ಹದಿಮೂರು ಭಾಗದಷ್ಟು ನಷ್ಟವುಂಟು. ಧೂಳು, ತಂತಿ, ಪರಿವರ್ತಕಗಳ ಪಾಲು ಬೇರೆ. ಇವೆಲ್ಲವನ್ನೂ ಕಳೆದು 2.5 ಯೂನಿಟ್ ಕೈಗೆ ಬಂದರೆ ಸಂತೋಷಪಡಬೇಕು.

ಈ ಎರಡೂವರೆ ಯೂನಿಟ್ಟಿನಿಂದ ಎಷ್ಟು ದೂರ ಹೋಗಬಹುದೆಂಬುದೇ ಇಡೀ ವಾದದ ಹೃದಯ. ಸಾಧಾರಣ ಸಣ್ಣ ವಿದ್ಯುತ್ ಕಾರೊಂದು ಕಿಲೋಮೀಟರಿಗೆ 120ರಿಂದ 150 ವಾಟ್-ಗಂಟೆಯನ್ನು ವ್ಯಯಿಸುತ್ತದೆ. ಆಪ್ಟೆರಾ ತನ್ನ ಬಂಡಿಗೆ ಮೈಲಿಯೊಂದಕ್ಕೆ 100, ಎಂದರೆ ಕಿಲೋಮೀಟರಿಗೆ 62 ವಾಟ್-ಗಂಟೆ ಸಾಕೆನ್ನುತ್ತದೆ. ಅದು ನಿಜವಾದರೆ ದಿನಕ್ಕೆ 40 ಕಿಲೋಮೀಟರು. ಅದೇ ಫಲಕವನ್ನು ಸಾಧಾರಣ ಕಾರಿಗೆ ಹೊದಿಸಿದರೆ 17ರಿಂದ 20 ಕಿಲೋಮೀಟರು. ಅಂಥ ಕಾರಿನ ಮಾಡಿನ ಮೇಲೆ ವಾಸ್ತವದಲ್ಲಿ ಹಿಡಿಸುವ 300 ವಾಟ್ ಫಲಕಕ್ಕಾದರೋ ಏಳೆಂಟು ಕಿಲೋಮೀಟರು ಮಾತ್ರ. ಆದುದರಿಂದ ಈ ಬಂಡಿಯ ಗುಟ್ಟು ಸೌರಫಲಕದಲ್ಲಿಲ್ಲ. ಅಲ್ಪದಲ್ಲಿಯೇ ತೃಪ್ತಿಪಡುವ ಅದರ ಮಿತವ್ಯಯದಲ್ಲಿದೆ. ಸಾಮಾನ್ಯ ಕಾರುಗಳ ವಾಯುರೋಧ ಗುಣಾಂಕ 0.25ರಿಂದ 0.30ರ ನಡುವೆ ಇದ್ದರೆ, ಹನಿಯ ಆಕಾರದ ಈ ದೇಹಕ್ಕೆ ಅದು 0.13 ಎಂದು ಘೋಷಿಸಲಾಗಿದೆ. ಹಾಗೆಯೇ, ದಿನಕ್ಕೆ 64 ಕಿಲೋಮೀಟರೆಂಬ ಮಾತಿನಲ್ಲಿ ನಾವು ಗಮನಿಸಬೇಕಾದುದು ಅಂಕಿಯನ್ನಲ್ಲ, ಅದರ ಪಕ್ಕದಲ್ಲಿ ಸಂಕೋಚದಿಂದ ನಿಂತಿರುವ ‘ವರೆಗೆ’ ಎಂಬುದನ್ನು. 64 ಕಿಲೋಮೀಟರಿಗೆ 4 ಯೂನಿಟ್ ಬೇಕು; ಬೇಸಿಗೆಯ ದೀರ್ಘವಾದ, ನಿರ್ಮಲವಾದ, ಅತಿ ತಾಪವಿಲ್ಲದ ಹಗಲಿನಲ್ಲಿ ಮಾತ್ರ ಅದು ಸಾಧ್ಯ. ಅದು ಸುಳ್ಳಲ್ಲ, ವರ್ಷದಲ್ಲಿ ಕೆಲವೇ ದಿನಗಳ ಸತ್ಯ.

ಬಿಸಿಲನ್ನೇ ನಂಬಿ ಬಂಡಿ ಓಡಿಸುವ ವಿದ್ಯೆ ಹೊಸದೇನೂ ಅಲ್ಲ. 1987ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ನಿನಿಂದ ಅಡಿಲೇಡಿನವರೆಗೆ ಸುಮಾರು 3,000 ಕಿಲೋಮೀಟರು ದೂರದ ಸೌರವಾಹನಗಳ ಪಂದ್ಯ ಮೊದಲ ಬಾರಿಗೆ ನಡೆದಾಗ, ಜನರಲ್ ಮೋಟಾರ್ಸ್ ಸಂಸ್ಥೆಯ ಸನ್‌ರೇಸರ್ ಗೆದ್ದಿತು. ಮುಂದೆ 1990ರ ಪಂದ್ಯದಲ್ಲಿ ಮೂರನೆಯ ಸ್ಥಾನ ಗಳಿಸಿದ ಮಿಷಿಗನ್ ವಿಶ್ವವಿದ್ಯಾನಿಲಯದ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರೆಂಬುದು ನಮ್ಮವರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ಸೌರಬಂಡಿಯನ್ನು ಕಟ್ಟಿ ಅನುಭವ ಪಡೆದ ಆ ಮನುಷ್ಯ ತಾನಾಗಿ ವ್ಯಾಪಾರಕ್ಕಿಳಿದಾಗ, 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನ ಮೈಮೇಲೆ ಸೌರಫಲಕವನ್ನು ಹೊದಿಸದೆ, ಅದನ್ನು ಗೋಡೆಯ ಪ್ಲಗ್ಗಿಗೇ ಒಪ್ಪಿಸಿದರು. ಪಂದ್ಯದ ಬಂಡಿಗೂ ಮಾರುವ ಬಂಡಿಗೂ ಇರುವ ಅಂತರವನ್ನು ಬಲ್ಲವರ ತೀರ್ಮಾನ ಅದೆಂದು ನಾನು ಭಾವಿಸುತ್ತೇನೆ. ಆದರೆ ಆಗಿನ ಫಲಕಗಳು ಈಗಿನವುಗಳಿಗಿಂತ ದುಬಾರಿಯೂ ದುರ್ಬಲವೂ ಆಗಿದ್ದುವೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಇನ್ನು ಓದುಗರು ತಮ್ಮ ತಮ್ಮ ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಕು. ಅದರಲ್ಲಿ ಅತ್ಯಂತ ನಿರ್ಣಾಯಕವಾದ ಪ್ರಶ್ನೆ ಬಂಡಿ ಎಷ್ಟು ಓಡುತ್ತದೆಂಬುದಲ್ಲ, ಎಲ್ಲಿ ನಿಲ್ಲುತ್ತದೆಂಬುದು. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ರಾತ್ರಿಯನ್ನೂ, ಕಚೇರಿಯ ನೆಲಮಾಳಿಗೆಯಲ್ಲಿ ಹಗಲನ್ನೂ ಕಳೆಯುವ ಕಾರಿನ ಬೆನ್ನಮೇಲೆ ಜಗತ್ತಿನ ಅತ್ಯುತ್ತಮ ಫಲಕವಿದ್ದರೂ ಅದು ಅಲಂಕಾರ ಮಾತ್ರ. ತೆರೆದ ಬಯಲಿನಲ್ಲಿ ನಿಲ್ಲಿಸುವ ಭಾಗ್ಯವಿದ್ದವರೂ ಹತ್ತಿರದ ಮರದ ನೆರಳು, ಎದುರುಮನೆಯ ನೀರಿನ ತೊಟ್ಟಿಯ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುವುದೆಂದು ನೋಡಿಕೊಳ್ಳಬೇಕು. ಸರಣಿಯಾಗಿ ಜೋಡಿಸಿದ ಕೋಶಗಳಲ್ಲಿ ಕೆಲವಕ್ಕೆ ಮಾತ್ರ ನೆರಳು ಕವಿದರೂ ಆ ಸರಣಿಯ ಉತ್ಪತ್ತಿ ನೆರಳಿನ ಪ್ರಮಾಣವನ್ನು ಮೀರಿ ಇಳಿದುಹೋಗಬಹುದು. ನೆರಳು ಕಂಡಲ್ಲಿ ಗಾಡಿ ನಿಲ್ಲಿಸುವುದು ನಮ್ಮ ಜನರ ಆಜನ್ಮಸಿದ್ಧ ಅಭ್ಯಾಸ. ಸೌರವಾಹನದ ಒಡೆಯನು ಅದನ್ನು ಬಿಟ್ಟು, ಏಪ್ರಿಲ್ ತಿಂಗಳ ಕಲಬುರಗಿಯಲ್ಲಿಯೂ ಬಿಸಿಲನ್ನೇ ಅರಸಿಕೊಂಡು ಹೋಗಬೇಕು. ಹಾಗೆ ಕಾದ ಬಂಡಿಯೊಳಗೆ ಸಂಜೆ ಕುಳಿತು, ಒಂದು ಗಂಟೆ ಕಾಲ 1 ಕಿಲೋವಾಟ್ ಎಳೆಯುವಂತೆ ಎಸಿ ಹಾಕಿಕೊಂಡರೆ, ಆಪ್ಟೆರಾದ ಮಿತವ್ಯಯದ ಲೆಕ್ಕದಲ್ಲಿಯೇ 16 ಕಿಲೋಮೀಟರಿನ ಸಂಪಾದನೆ ಕರಗಿಹೋಗುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಕರಾವಳಿ, ಮಲೆನಾಡುಗಳಲ್ಲಿ ಮೇಲೆ ಹೇಳಿದ ಐದು ಗಂಟೆಯ ಮಾತನ್ನೇ ಎತ್ತುವಂತಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ವಾಯುರೋಧದ ಉಳಿತಾಯವು ವೇಗದಲ್ಲಿ ಮಾತ್ರ ಫಲಿಸುವಂಥದು. ಗಾಳಿಯ ತಡೆಯನ್ನು ಭೇದಿಸಲು ಪ್ರತಿ ಕಿಲೋಮೀಟರಿಗೆ ತಗಲುವ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 100 ಕಿಲೋಮೀಟರು ವೇಗದ ಅಮೆರಿಕದ ಹೆದ್ದಾರಿಯಲ್ಲಿ ಹನಿಯಾಕಾರದ ದೇಹವು ಮಾಡಿತೋರಿಸುವ ಚಮತ್ಕಾರವನ್ನು ಬೆಂಗಳೂರಿನ ಸಿಲ್ಕ್ ಬೋರ್ಡಿನ ಸಂಜೆಯ ಸಂದಣಿಯಲ್ಲಿ ನಿರೀಕ್ಷಿಸಬಾರದು. ಅಲ್ಲಿ ತೂಕ, ಟೈರು, ಬ್ರೇಕು ಹಾಕಿದಾಗ ಶಕ್ತಿಯನ್ನು ಮರಳಿ ಪಡೆಯುವ ವ್ಯವಸ್ಥೆ, ಇವೇ ಮುಖ್ಯ.

ಹಣದ ಲೆಕ್ಕಕ್ಕೆ ಬಂದರೆ ಉತ್ಸಾಹ ಇನ್ನಷ್ಟು ತಣಿಯುತ್ತದೆ. ದಿನಕ್ಕೆ 2.5 ಯೂನಿಟ್ಟಿನಂತೆ ವರ್ಷಕ್ಕೆ ಸುಮಾರು 900 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೆ 6,300 ರೂಪಾಯಿ. ಒಂದು ದಿನವನ್ನೂ ಬಿಡದೆ ಬಿಸಿಲಿನಲ್ಲಿ ನಿಲ್ಲಿಸಿ, ಬ್ಯಾಟರಿ ತುಂಬಿ ಬಿಸಿಲು ವ್ಯರ್ಥವಾಗದಂತೆ ಪ್ರತಿದಿನವೂ ಓಡಿಸಿದಾಗ ದೊರೆಯುವ ಪರಮಾವಧಿ ಲಾಭವಿದು. ಅದೇ ಬಿಸಿಲನ್ನು ಮನೆಯ ತಾರಸಿಯ ಮೇಲೆ ಹಿಡಿದರೆ? 3 ಕಿಲೋವಾಟಿನ ಸೌರಸ್ಥಾವರವೊಂದು ನಮ್ಮಲ್ಲಿ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಅದಕ್ಕೆ 78,000 ರೂಪಾಯಿ ಸಹಾಯಧನವೂ ಉಂಟು. ಫಲಕಗಳು ಸೂರ್ಯನಿಗೆ ತಕ್ಕ ಕೋನದಲ್ಲಿ ನಿಲ್ಲುತ್ತವೆ, ಕೆಳಗೆ ಗಾಳಿಯಾಡುವುದರಿಂದ ಅಷ್ಟಾಗಿ ಕಾಯುವುದಿಲ್ಲ, ಅಪಘಾತದಲ್ಲಿ ಒಡೆಯುವುದಿಲ್ಲ. ಹೆಚ್ಚಾದ ವಿದ್ಯುತ್ತನ್ನು ಬೆಸ್ಕಾಮಿನಂಥ ಕಂಪನಿಯ ಜಾಲಕ್ಕೆ ನೆಟ್ ಮೀಟರಿನ ಮೂಲಕ ಒಪ್ಪಿಸಬಹುದು. ಸ್ವಂತ ತಾರಸಿಯುಳ್ಳ ಗೃಹಸ್ಥನು ಸಾಧಾರಣ ವಿದ್ಯುತ್ ಕಾರನ್ನು ಕೊಂಡು, ಫಲಕವನ್ನು ಮನೆಯ ಮೇಲೆ ಹಾಕಿಸುವುದೇ ಮೇಲೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ಸೌರವಾಹನ ಯಾರಿಗೆ? ಬಾಡಿಗೆ ಮನೆಯಲ್ಲಿದ್ದು, ಚಾರ್ಜರ್ ಹಾಕಿಸಲು ಮನೆಯೊಡೆಯನ ಒಪ್ಪಿಗೆ ದೊರೆಯದೆ, ಬೀದಿಯ ಬದಿಯಲ್ಲಿಯೋ ಕಚೇರಿಯ ಬಯಲಿನಲ್ಲಿಯೋ ಗಾಡಿ ನಿಲ್ಲಿಸುತ್ತ, ದಿನಕ್ಕೆ 20–30 ಕಿಲೋಮೀಟರು ಓಡಾಡುವವರಿಗೆ. ಅವರಿಗೆ ಲಾಭವಾಗುವುದು ಹಣಕ್ಕಿಂತ ಹೆಚ್ಚಾಗಿ ಸಮಯ ಮತ್ತು ನಿಶ್ಚಿಂತೆಗಳಲ್ಲಿ. ಚಾರ್ಜಿಂಗ್ ಕೇಂದ್ರವನ್ನು ಹುಡುಕಿಕೊಂಡು ಹೋಗುವ ಕೆಲಸ ತಿಂಗಳಿಗೊಮ್ಮೆಗೋ ಎರಡು ತಿಂಗಳಿಗೊಮ್ಮೆಗೋ ಇಳಿದೀತು. ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ನಮ್ಮ ಎಷ್ಟೋ ಕನ್ನಡಿಗರು ಈ ವರ್ಗಕ್ಕೇ ಸೇರಿದವರೆಂಬುದರಿಂದ, ಆಪ್ಟೆರಾದ ಕಡೆಗೆ ಅವರ ಮನಸ್ಸು ಹರಿದರೆ ಅದನ್ನು ಮರುಳೆನ್ನಲಾಗದು.

ಬಿಸಿಲು ತನ್ನ ಪಾಲಿನ ಮಾತನ್ನು ನಡೆಸಿಕೊಟ್ಟೀತೆಂದಾಯಿತು. ಇನ್ನು ಸಂಸ್ಥೆಯ ಪಾಲು. ಇಲ್ಲಿ ಚರಿತ್ರೆ ಪ್ರೋತ್ಸಾಹಕರವಾಗಿಲ್ಲ.

ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ನಗರದ ವಿದ್ಯಾರ್ಥಿತಂಡವೊಂದು 2013ರಲ್ಲಿ ಆಸ್ಟ್ರೇಲಿಯಾದ ಅದೇ ಪಂದ್ಯದಲ್ಲಿ, ಒಬ್ಬರಿಗಿಂತ ಹೆಚ್ಚು ಜನ ಕೂರಬಲ್ಲ ಬಂಡಿಗಳ ವಿಭಾಗವನ್ನು ಗೆದ್ದಿತು. ಆ ತಂಡದವರು 2016ರಲ್ಲಿ ಸ್ಥಾಪಿಸಿದ ಲೈಟ್‌ಇಯರ್ ಸಂಸ್ಥೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಅವರ ಮೊದಲ ಕಾರಿನ ಮೇಲೆ 5 ಚದರ ಮೀಟರು ಫಲಕವಿತ್ತು. ದಿನಕ್ಕೆ 70 ಕಿಲೋಮೀಟರುಗಳವರೆಗೆ ಬಿಸಿಲಿನಿಂದಲೇ ಓಟವೆಂಬ ಘೋಷಣೆಯಿತ್ತು. ಬೆಲೆ ಮಾತ್ರ ಎರಡೂವರೆ ಲಕ್ಷ ಯೂರೋ. ಫಿನ್ಲೆಂಡಿನ ವಾಲ್‌ಮೆಟ್ ಕಾರ್ಖಾನೆಯಲ್ಲಿ 2022ರ ಕೊನೆಗೆ ಉತ್ಪಾದನೆ ಆರಂಭವಾಗಿ, 2023ರ ಜನವರಿಯಲ್ಲಿ ನಿಂತೇಹೋಯಿತು. ಕಾರು ನಿರ್ಮಿಸುತ್ತಿದ್ದ ಅಂಗಸಂಸ್ಥೆ ದಿವಾಳಿಯಾಯಿತು. ಮ್ಯೂನಿಕ್ಕಿನ ಸೋನೋ ಮೋಟಾರ್ಸ್, ಅದೂ 2016ರದೇ, ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಸಾಮಾನ್ಯ ಕುಟುಂಬವೊಂದು ಕೊಳ್ಳಬಹುದಾದ ಬೆಲೆಗೆ ಸಿಯೋನ್ ಎಂಬ ಕಾರನ್ನು ಕೊಡುತ್ತೇವೆಂದಿತು. ಹಣದ ಮುಗ್ಗಟ್ಟು ಬಂದಾಗ 2020ರ ಆರಂಭದಲ್ಲಿ ಅಭಿಮಾನಿಗಳೇ 5 ಕೋಟಿ ಯೂರೋಗಳಿಗೂ ಹೆಚ್ಚಿನ ವಾಗ್ದಾನವನ್ನು ಕೂಡಿಸಿಕೊಟ್ಟು ಅದನ್ನು ಉಳಿಸಿಕೊಂಡರು. 2021ರಲ್ಲಿ ಅದು ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನೂ ಪ್ರವೇಶಿಸಿತು. 2022ರ ಡಿಸೆಂಬರಿನಲ್ಲಿ ಮತ್ತೆ ಕೈಚಾಚಿ, ಈ ಬಾರಿ 3,500 ಬಂಡಿಗಳ ಪೂರ್ಣ ಬೆಲೆಗೆ ಸಮನಾದ ಮುಂಗಡವನ್ನು ಕೇಳಿತು, ಅಷ್ಟು ಕೂಡಿಬರಲಿಲ್ಲ. 2023ರ ಫೆಬ್ರವರಿಯಲ್ಲಿ ಸಿಯೋನನ್ನು ಕೈಬಿಟ್ಟು ಸುಮಾರು 300 ಮಂದಿ ನೌಕರರನ್ನು ಕಳುಹಿಸಿದ ಸಂಸ್ಥೆ, ಮುಂಗಡವನ್ನು ಕಂತುಗಳಲ್ಲಿ ಹಿಂದಿರುಗಿಸುವುದಾಗಿ ಹೇಳಿತಾದರೂ, ಮೇ ತಿಂಗಳ ವೇಳೆಗೆ ತಾನೇ ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ಕೌತುಕವೇನೆಂದರೆ, ಸಿಯೋನ್ ಸಹ ತಯಾರಾಗಬೇಕಾಗಿದ್ದುದು ಅದೇ ವಾಲ್‌ಮೆಟ್ ಕಾರ್ಖಾನೆಯಲ್ಲಿ.

ಈ ಎರಡು ಪತನಗಳಲ್ಲಿಯೂ ಸೂರ್ಯನು ನಿರಪರಾಧಿ. ಅಚ್ಚುಗಳು, ವೆಲ್ಡಿಂಗ್ ಯಂತ್ರಗಳು, ಅಪಘಾತ ಪರೀಕ್ಷೆಗಳು, ಬಿಡಿಭಾಗ ಒದಗಿಸುವವರು ಮೊದಲೇ ಕೇಳುವ ಹಣ, ಇವೆಲ್ಲಕ್ಕೂ ಬಂಡಿಯೊಂದು ಮಾರಾಟವಾಗುವ ಮುನ್ನವೇ ಕೋಟಿಗಟ್ಟಲೆ ಸುರಿಯಬೇಕಾಗುವುದು ಯಾವ ಹೊಸ ಕಾರು ಸಂಸ್ಥೆಗೂ ತಪ್ಪದು. ಹತ್ತು ಮೂಲಮಾದರಿಗಳನ್ನು ಕೈಯಿಂದ ಕಟ್ಟುವುದು ವಿದ್ಯೆಯ ಕೆಲಸ. ಹತ್ತು ಸಾವಿರವನ್ನು ಒಂದೇ ಗುಣದಲ್ಲಿ, ಲಾಭ ಉಳಿಯುವ ಬೆಲೆಯಲ್ಲಿ ಹೊರತರುವುದು ಬಂಡವಾಳದ ಕೆಲಸ. ಆಪ್ಟೆರಾಕ್ಕೆ ಇದು ತಿಳಿಯದುದಲ್ಲ. ಸ್ಟೀವ್ ಫ್ಯಾಂಬ್ರೋ, ಕ್ರಿಸ್ ಆಂಥನಿ ಎಂಬಿಬ್ಬರು ಇದೇ ಹೆಸರಿನಲ್ಲಿ ಮೊದಲು ಆರಂಭಿಸಿದ ಸಂಸ್ಥೆ, ಒಂದು ಬಂಡಿಯನ್ನೂ ಗಿರಾಕಿಗಳಿಗೆ ಕೊಡದೆ 2011ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತ್ತು. 2019ರಲ್ಲಿ ಅವರೇ ಅದನ್ನು ಪುನಃ ಎತ್ತಿ ನಿಲ್ಲಿಸಿದರು. ಆಮೇಲೆ ದೊಡ್ಡ ಬಂಡವಾಳಗಾರರಿಗಿಂತ ಹೆಚ್ಚಾಗಿ ಸಾವಿರಾರು ಮಂದಿ ಸಾಮಾನ್ಯರಿಂದ ಸಣ್ಣ ಮೊತ್ತಗಳನ್ನು ಕೂಡಿಸಿ, 2025ರ ಅಕ್ಟೋಬರಿನಲ್ಲಿ ನಾಸ್ಡಾಕ್ ಪಟ್ಟಿಯನ್ನು ಸೇರಿದರು. ಬೆಲೆ ಮೊದಲು ಹೇಳಿದ 25,900 ಡಾಲರಿನಿಂದ ಮೇಲಕ್ಕೇರಿ ಸುಮಾರು 40,000ದ ಸಮೀಪಕ್ಕೆ ಬಂದಿದೆ. ಚಕ್ರದೊಳಗೇ ಮೋಟಾರು ಇರಿಸುವ ಮೂಲ ಯೋಜನೆಯೂ ಕೈಬಿಟ್ಟುಹೋಗಿದೆ. ಹಠ ಉಂಟು, ಪ್ರಾಮಾಣಿಕತೆಯೂ ಉಂಟೆಂದೇ ಎಣಿಸೋಣ. ಹಠದಿಂದ ಅಚ್ಚು ಎರಕವಾಗುವುದಿಲ್ಲ.

ಆದಕಾರಣ ಹಣ ಕೊಡುವವನು ತಾನು ಯಾವ ರೂಪದಲ್ಲಿ ಕೊಡುತ್ತಿರುವೆನೆಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಹಿಂದಿರುಗಿಸಲ್ಪಡುವ ಠೇವಣಿ, ಹಿಂದಿರುಗದ ಮುಂಗಡ, ಷೇರು, ಇವು ಮೂರೂ ಬೇರೆಬೇರೆ. 100 ಡಾಲರಿನ ಠೇವಣಿ ಸರತಿಯಲ್ಲಿ ಒಂದು ಜಾಗ ಮಾತ್ರ. ಹೋದರೂ ಮನೆ ಮುಳುಗುವುದಿಲ್ಲ. ಆದರೆ ‘ಹಿಂದಿರುಗಿಸಲ್ಪಡುವ’ ಎಂಬ ವಿಶೇಷಣಕ್ಕೆ ಬೆಲೆಯಿರುವುದು ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿರಿಸಿದಾಗ. ದಿನದ ಖರ್ಚಿಗೆ ಬಳಸಿಕೊಂಡಿದ್ದರೆ, ಸಂಸ್ಥೆ ದಿವಾಳಿಯಾದ ದಿನ ಠೇವಣಿದಾರನು ಅಡಮಾನವಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಬ್ಯಾಂಕುಗಳ ಹಿಂದೆ ನಿಲ್ಲಬೇಕಾಗುತ್ತದೆ. ರಸೀತಿಯ ಹಿಂಬದಿಯ ಕರಾರುಗಳಲ್ಲಿ ಇದನ್ನು ಹುಡುಕಿ ಓದಿರಿ. ಹೆಚ್ಚು ಮುಂಗಡಕ್ಕೆ ಹೆಚ್ಚು ರಿಯಾಯಿತಿ ಎಂಬ ಆಮಿಷ ಕಂಡರೆ, ಬ್ಯಾಂಕು ಕೊಡದ ಸಾಲವನ್ನು ನಿಮ್ಮಿಂದ ಬಡ್ಡಿಯಿಲ್ಲದೆ ಕೇಳುತ್ತಿದ್ದಾರೆಂದು ತಿಳಿಯಿರಿ. ಷೇರಿನ ಮಾತು ಇನ್ನೂ ಬೇರೆ. 2023ರಲ್ಲಿ ಆಪ್ಟೆರಾ, 10,000 ಡಾಲರಿಗೆ ಕಡಿಮೆಯಿಲ್ಲದೆ ಹೂಡಿದವರಿಗೆ ಮೊದಲ 2,000 ಬಂಡಿಗಳಲ್ಲಿ ಒಂದರ ಸರತಿಯನ್ನು ಕೊಡುವುದಾಗಿ ಹೇಳಿ ಹಣವೆತ್ತಿತು. ಹಾಗೆ ಕೊಟ್ಟ ಹಣ ಬಂಡಿಯ ಬೆಲೆಯಲ್ಲಿ ವಜಾ ಆಗತಕ್ಕುದಲ್ಲ. ಅದು ಪಾಲು, ಸಂಸ್ಥೆಯೊಂದಿಗೇ ಏಳುವುದು, ಬೀಳುವುದು. ಬಂಡಿಯನ್ನು ಮೆಚ್ಚಿದವನು ಷೇರನ್ನೂ ಮೆಚ್ಚಲೇಬೇಕೆಂಬ ನಿಯಮವಿಲ್ಲ.

ಷೇರು ಕೊಳ್ಳುವ ಮನಸ್ಸಿದ್ದವರು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ಸಂಸ್ಥೆ ಸಲ್ಲಿಸುವ ವರದಿಗಳಲ್ಲಿ ಮೂರು ಅಂಕಿಗಳನ್ನಾದರೂ ನೋಡಬೇಕು: ಕೈಯಲ್ಲಿರುವ ನಗದು, ತಿಂಗಳಿಗೆ ಕರಗುತ್ತಿರುವ ಮೊತ್ತ, ಉತ್ಪಾದನೆ ಆರಂಭಿಸಲು ಇನ್ನೂ ಬೇಕೆಂದು ಅವರೇ ಒಪ್ಪಿಕೊಂಡಿರುವ ಹಣ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಯುಷ್ಯ ತಿಳಿಯುತ್ತದೆ. ಮೂರನೆಯದು ಮೊದಲನೆಯದರ ಎಷ್ಟು ಪಟ್ಟೆಂದು ನೋಡಿದರೆ, ಹೊಸ ಷೇರುಗಳನ್ನು ಇನ್ನೆಷ್ಟು ಬಾರಿ ಅಚ್ಚು ಹಾಕಿ ನಿಮ್ಮ ಪಾಲನ್ನು ತೆಳುಮಾಡುವರೆಂಬುದರ ಅಂದಾಜು ಸಿಗುತ್ತದೆ.

ಅಮೆರಿಕದಲ್ಲಿರುವವರು ಮರೆಯಬಾರದ ಮಾತೊಂದಿದೆ. ಮೂರು ಚಕ್ರದ ಈ ಬಂಡಿ ಅಲ್ಲಿಯ ಕಾನೂನಿನಲ್ಲಿ ಮೋಟಾರ್‌ಸೈಕಲ್ ವರ್ಗಕ್ಕೆ ಸೇರುವುದರಿಂದ, ಪ್ರಯಾಣಿಕ ಕಾರುಗಳಿಗೆ ಕಡ್ಡಾಯವಾದ ಅಪಘಾತ ಪರೀಕ್ಷೆಗಳ ಬಂಧನ ಇದಕ್ಕಿಲ್ಲ. ತಯಾರಕರು ಸ್ವಂತ ಇಚ್ಛೆಯಿಂದ ಏನೇನು ಪರೀಕ್ಷಿಸಿರುವರೆಂಬುದನ್ನೂ, ವಿಮಾಕಂಪನಿ ಯಾವ ವರ್ಗದಲ್ಲಿ ಕಂತು ಕಟ್ಟಿಸಿಕೊಳ್ಳುವುದೆಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಬಾಗಿದ ಸೌರಫಲಕವೊಂದು ಕಲ್ಲು ಬಡಿದು ಬಿರಿದರೆ ಅದನ್ನು ಬದಲಿಸುವವರಾರು, ಎಷ್ಟು ಹಣ ಎಂಬುದಕ್ಕೆ ಬರೆಹದಲ್ಲಿ ಉತ್ತರ ದೊರೆಯುವವರೆಗೆ ಪೂರ್ಣ ಬೆಲೆ ಕೊಡಬಾರದು.

ನಮ್ಮ ದೇಶದಲ್ಲಿ ಪುಣೆಯ ವೇವ್ ಮೊಬಿಲಿಟಿ ಎಂಬ ಸಂಸ್ಥೆ 2025ರ ಜನವರಿಯಲ್ಲಿ ದೆಹಲಿಯ ವಾಹನಪ್ರದರ್ಶನದಲ್ಲಿ ಇವಾ ಎಂಬ ಪುಟ್ಟ ನಗರವಾಹನವನ್ನು ಮುಂದಿಟ್ಟಿತು. ಅದರ ಸೌರಫಲಕ ಕೊಡುವುದಾಗಿ ಹೇಳಿರುವುದು ವರ್ಷಕ್ಕೆ 3,000 ಕಿಲೋಮೀಟರುಗಳವರೆಗೆ. ದಿನಕ್ಕೆ ಎಂಟು ಕಿಲೋಮೀಟರಿನ ಮಾತು. ನನಗೆ ಈ ಮಿತಭಾಷಣೆಯೇ ಹೆಚ್ಚು ವಿಶ್ವಾಸಾರ್ಹವೆನಿಸುತ್ತದೆ, ಮೇಲಿನ ಗಣಿತದೊಂದಿಗೆ ಅದು ಹೊಂದಿಕೊಳ್ಳುವುದರಿಂದ. ಆದರೆ ಕಿಲೋಮೀಟರಿಗೆ 50 ಪೈಸೆ ಓಟದ ಖರ್ಚೆಂದು ಅವರೇ ಹೇಳುವುದರಿಂದ, ಫಲಕದಿಂದ ವರ್ಷಕ್ಕೆ ಉಳಿಯುವುದು 1,500 ರೂಪಾಯಿ. ಫಲಕಕ್ಕೆಂದು ಕೊಡಬೇಕಾದ ಹೆಚ್ಚಿನ ಬೆಲೆಯನ್ನು ಇದರಿಂದ ಭಾಗಿಸಿದರೆ ಎಷ್ಟು ವರ್ಷದಲ್ಲಿ ತೀರುವುದೆಂದು ಅಂಗಡಿಯಲ್ಲಿಯೇ ನಿಂತು ಲೆಕ್ಕ ಹಾಕಬಹುದು. 3.25 ಲಕ್ಷ ರೂಪಾಯಿಯೆಂದು ಸಾರಿದ ಆರಂಭದ ಬೆಲೆಯಲ್ಲಿ ಬ್ಯಾಟರಿ ಸೇರಿಲ್ಲ, ಅದಕ್ಕೆ ಕಿಲೋಮೀಟರಿಗೆ 2 ರೂಪಾಯಿ ಬಾಡಿಗೆ. ಓಡಿಸಿದರೂ ಓಡಿಸದಿದ್ದರೂ ತಿಂಗಳಿಗೆ ಇಷ್ಟು ಕಿಲೋಮೀಟರಿನ ಬಾಡಿಗೆ ತೆರಲೇಬೇಕೆಂಬ ಕರಾರಿದೆಯೇ ಎಂದು ಕೇಳಬೇಕು. ಬಿಸಿಲು ಪುಕ್ಕಟೆಯಾದರೂ ಆ ಬಿಸಿಲನ್ನು ತುಂಬಿಸುವ ಪಾತ್ರೆಗೆ ಬಾಡಿಗೆಯುಂಟೆಂದಾಯಿತು.

ಕಾರುಗಳನ್ನು ಕೈಬಿಟ್ಟ ಬಳಿಕ ಸೋನೋ ತನ್ನ ಫಲಕವಿದ್ಯೆಯನ್ನು ಬಸ್ಸು, ಲಾರಿ, ಟ್ರೇಲರುಗಳ ಮಾಡಿಗೆ ಹೊಂದಿಸಿ ಮಾರತೊಡಗಿತು. ಲೈಟ್‌ಇಯರ್ ಕೂಡ ಇತರ ತಯಾರಕರಿಗೆ ಸೌರಮಾಡು ಒದಗಿಸುವ ಕಡೆಗೆ ತಿರುಗಿತು. ಬಸ್ಸಿನ ಮಾಡು ವಿಶಾಲ, ಚಪ್ಪಟೆ. ಅದು ಹಗಲಿಡೀ ಬಯಲಿನಲ್ಲಿಯೇ ಇರುತ್ತದೆ. ಅದರ ಮೇಲಿನ ಒಂದೂವರೆ ಕಿಲೋವಾಟಿನ ಫಲಕ ಬಸ್ಸನ್ನು ಓಡಿಸಲಾರದಾದರೂ, ದೀಪ, ಫ್ಯಾನು, ಟಿಕೆಟ್ ಯಂತ್ರಗಳ ಹೊರೆಯನ್ನು ಎಂಜಿನ್ನಿನ ಮೇಲಿಂದ ಇಳಿಸಬಲ್ಲುದು. ಮುಂಗಡ ಕೊಟ್ಟು ಸರತಿಯಲ್ಲಿ ನಿಲ್ಲದ ಪ್ರಯಾಣಿಕನಿಗೂ ಅದರ ಪ್ರಯೋಜನ ಟಿಕೆಟ್ಟಿನೊಂದಿಗೇ ಸಿಗುತ್ತದೆ.